ಕಾಲೇಜು ಬ್ಯಾಸ್ಕೆಟ್‌ಬಾಲ್ ಸಪ್ಪೆಯೇ?

ಪ್ರಶ್ನೆ: ಮೈಸೂರಿನಲ್ಲಿದ್ದಾಗ ಬೆಳಗಿನ ಜಾವ ಎದ್ದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುತ್ತಿದ್ದೆ. ಈಗ ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ ಎಂಎಸ್ ಓದುತ್ತಿದ್ದೇನೆ. ಇಲ್ಲಿ ಎಲ್ಲರಿಗೂ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು. ‘ನಿಜವಾದ ಆಟ ಅಂದರೆ ಇದು’ ಅನ್ನುತ್ತಾರೆ ರೂಮ್‌ಮೇಟ್‌ಗಳು. ನನಗೆ ನೋಡಿದರೆ ಆಟ ನಿಧಾನ ಅನಿಸುತ್ತದೆ, ಸುಲಭದ ಶಾಟ್‌ಗಳೂ ತಪ್ಪುತ್ತವೆ, ಕೊನೆಯ ಎರಡು ನಿಮಿಷ ಮುಗಿಯುವುದೇ ಇಲ್ಲ. ಕಾಲೇಜು ಆಟದಲ್ಲಿ ನಿಜಕ್ಕೂ ಮಜಾ ಕಡಿಮೆಯೋ, ಅಥವಾ ನನಗೇ ನೋಡಲು ಬರುತ್ತಿಲ್ಲವೋ?

ಉತ್ತರ: ನಿಮ್ಮ ದೂರುಗಳೆಲ್ಲ ಸರಿಯೇ. ಆದರೆ ತಪ್ಪನ್ನು ಹೊರಿಸಬೇಕಾದ್ದು ಆಟಗಾರರ ಮೇಲಲ್ಲ, ಬಹುಪಾಲು ನಿಯಮಪುಸ್ತಕದ ಮೇಲೆ ಮತ್ತು ಕೋಚ್‌ಗಳ ಮೇಲೆ. ಅದೇ ನಿಯಮಪುಸ್ತಕ ಕಾಲೇಜು ಆಟಕ್ಕೆ ಎನ್‌ಬಿಎಯಲ್ಲಿ ಸಿಗದ ಒಂದಿಷ್ಟು ರುಚಿಯನ್ನೂ ಕೊಟ್ಟಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಮೇ ತಿಂಗಳ ಎನ್‌ಬಿಎ ಪ್ಲೇಆಫ್‌ಗಿಂತ ಉತ್ತಮ ಬ್ಯಾಸ್ಕೆಟ್‌ಬಾಲ್ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಮಾರ್ಚ್ ತಿಂಗಳಲ್ಲಿ ಕಾಲೇಜು ಟೂರ್ನಿಯನ್ನು ಬಿಟ್ಟು ಎನ್‌ಬಿಎ ನೋಡುವವರು ನಷ್ಟ ಮಾಡಿಕೊಳ್ಳುತ್ತಾರೆ. ಜನವರಿಯ ಯಾವುದೋ ಮಾಮೂಲಿ ರಾತ್ರಿಯಾದರೆ, ಟಿವಿಯಲ್ಲಿ ಎನ್‌ಬಿಎ ನೋಡಿ, ಸ್ಟೇಡಿಯಂಗೆ ಹೋಗುವುದಿದ್ದರೆ ಕಾಲೇಜು.

ಕೌಶಲದ ಅಂತರವನ್ನು ಅಲ್ಲಗಳೆಯುವಂತಿಲ್ಲ. ಎನ್‌ಬಿಎಯ 30 ತಂಡಗಳಲ್ಲಿ ಒಂದೊಂದಕ್ಕೆ 15 ಪೂರ್ಣ ಒಪ್ಪಂದ, 3 ದ್ವಿಮುಖ (ಕಿರಿಯ ಲೀಗ್‌ನಲ್ಲೂ ಆಡುವ) ಒಪ್ಪಂದ; ಒಟ್ಟು 540 ಜನ, ಅದೂ ಜಗತ್ತನ್ನೆಲ್ಲ ಜರಡಿ ಹಿಡಿದು ಆರಿಸಿದವರು. ಕಾಲೇಜಿನ ಮೊದಲ ದರ್ಜೆಯಲ್ಲಿ, ಅಂದರೆ ಡಿವಿಷನ್ ಒಂದರಲ್ಲಿ, ಪುರುಷರ ತಂಡಗಳೇ 360ಕ್ಕೂ ಹೆಚ್ಚು. ತಂಡಕ್ಕೆ 13 ಜನ ಎಂದರೂ ನಾಲ್ಕೂವರೆ ಸಾವಿರ ದಾಟುತ್ತದೆ. ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಎನ್‌ಬಿಎ ತಂಡಗಳು ಆರಿಸುವುದು ಸುಮಾರು 60 ಜನರನ್ನು, ಅವರಲ್ಲೂ ಕೆಲವರು ಹೊರದೇಶದವರು. ಹಾಗಾಗಿ ನೀವು ನೋಡುವ ಕಾಲೇಜು ಪಂದ್ಯದಲ್ಲಿ ಮುಂದೆ ಎನ್‌ಬಿಎ ಆಡುವವರು ಇಬ್ಬರಿದ್ದರೆ ಅದೇ ದೊಡ್ಡದು. ಫ್ರೀ ಥ್ರೋ ನೋಡಿ, ಎದುರಾಳಿ ಫೌಲ್ ಮಾಡಿದಾಗ ಸಿಗುವ, ಅಡ್ಡ ಬರುವವರು ಯಾರೂ ಇಲ್ಲದ ಶಾಟ್ ಅದು. ಎನ್‌ಬಿಎಯಲ್ಲಿ ನೂರಕ್ಕೆ ಸುಮಾರು 78 ಒಳಗೆ ಬೀಳುತ್ತವೆ, ಕಾಲೇಜಿನಲ್ಲಿ 72ರ ಆಸುಪಾಸು.

ಆದರೆ ಸ್ಕೋರ್‌ಬೋರ್ಡ್ ನೋಡಿ ಕೌಶಲ ಅಳೆಯಲು ಹೋದರೆ ಮೋಸಹೋಗುತ್ತೀರಿ. ಎನ್‌ಬಿಎ ತಂಡ ಪಂದ್ಯಕ್ಕೆ ಸರಾಸರಿ 114 ಪಾಯಿಂಟ್ ಗಳಿಸುತ್ತದೆ, ಕಾಲೇಜು ತಂಡ ಸುಮಾರು 73. ಈ 41 ಪಾಯಿಂಟ್‌ಗಳ ಅಂತರವನ್ನು ಬಿಡಿಸಿ ನೋಡೋಣ. ಎನ್‌ಬಿಎ ಪಂದ್ಯ 48 ನಿಮಿಷ, ಕಾಲೇಜಿನದು 40. ಎನ್‌ಬಿಎ ಆಟವನ್ನೂ 40 ನಿಮಿಷಕ್ಕೆ ನಿಲ್ಲಿಸಿದರೆ 114 ಹೋಗಿ 95 ಆಗುತ್ತದೆ. ಅಲ್ಲಿಗೆ 19 ಪಾಯಿಂಟ್ ಕರಗಿತು. ಇನ್ನು ವೇಗ. ಒಂದು ತಂಡಕ್ಕೆ ಚೆಂಡು ಎಷ್ಟು ಸಲ ಸಿಗುತ್ತದೆ ಎಂಬುದನ್ನು ಪೊಸೆಷನ್ ಎನ್ನುತ್ತಾರೆ. 40 ನಿಮಿಷದಲ್ಲಿ ಎನ್‌ಬಿಎ ತಂಡಕ್ಕೆ ಸುಮಾರು 82 ಪೊಸೆಷನ್ ಸಿಕ್ಕರೆ ಕಾಲೇಜು ತಂಡಕ್ಕೆ 68. ಆ ಲೆಕ್ಕ ಹಾಕಿದರೆ 95 ಇಳಿದು 79ಕ್ಕೆ ಬರುತ್ತದೆ, ಇನ್ನೊಂದು 16 ಹೋಯಿತು. ಉಳಿದದ್ದು ಬರೀ 6. ಅಂದರೆ ಅಂತರದ ಮುಕ್ಕಾಲಿಗಿಂತ ಹೆಚ್ಚು ಭಾಗ ಗಡಿಯಾರದ್ದು. ಕಾಲೇಜಿನಲ್ಲಿ ಡಿಫೆನ್ಸ್ ಕೂಡ ಅಷ್ಟಕ್ಕಷ್ಟೇ ಎಂಬುದನ್ನು ಮರೆಯದಿದ್ದರೆ ಸಾಕು. ಎನ್‌ಬಿಎ ಡಿಫೆಂಡರ್‌ಗಳೆದುರು ಇದೇ ಹುಡುಗರನ್ನು ನಿಲ್ಲಿಸಿದರೆ ಆ 6 ಎಷ್ಟೋ ಪಟ್ಟು ಬೆಳೆಯುತ್ತದೆ.

ಗಡಿಯಾರದ ವಿಷಯಕ್ಕೆ ಬರೋಣ. ಎನ್‌ಬಿಎಯಲ್ಲಿ 24 ಸೆಕೆಂಡ್‌ನೊಳಗೆ ಶಾಟ್ ಹೊಡೆಯಬೇಕೆಂಬ ನಿಯಮ 1954ರಿಂದ ಇದೆ. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್, ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಹೊಡೆಯುತ್ತವೆ ಎಂದು ಎಣಿಸಿ, ಪಂದ್ಯದ 2,880 ಸೆಕೆಂಡ್‌ಗಳನ್ನು 120ರಿಂದ ಭಾಗಿಸಿ ಈ ಸಂಖ್ಯೆಗೆ ಬಂದರು. ಕಾಲೇಜು ಪುರುಷರ ಆಟಕ್ಕೆ ಶಾಟ್ ಕ್ಲಾಕ್ ಬಂದದ್ದೇ 1985ರಲ್ಲಿ, ಅದೂ 45 ಸೆಕೆಂಡ್. 1993ರಲ್ಲಿ 35 ಆಯಿತು, 2015ರಲ್ಲಿ 30. ಕೊನೆಯ ಬದಲಾವಣೆಗೆ ಒತ್ತಾಯ ಬಂದದ್ದಕ್ಕೂ ಕಾರಣವಿದೆ: 2012–13ರ ಸೀಸನ್‌ನಲ್ಲಿ ತಂಡದ ಸರಾಸರಿ 67.5ಕ್ಕೆ ಕುಸಿದಿತ್ತು, ಅರವತ್ತು ವರ್ಷಗಳಲ್ಲೇ ಕಡಿಮೆ. ಅದಕ್ಕೆ ಎರಡು ವರ್ಷ ಮೊದಲು, 2011ರ ಫೈನಲ್‌ನಲ್ಲಿ ಕನೆಕ್ಟಿಕಟ್ 53, ಬಟ್ಲರ್ 41. ಬಟ್ಲರ್ ಹೊಡೆದ 64 ಶಾಟ್‌ಗಳಲ್ಲಿ ಬುಟ್ಟಿಗೆ ಬಿದ್ದದ್ದು 12! ಕಾಲೇಜು ಆಟ ಸಪ್ಪೆ ಎಂದು ವಾದಿಸಬೇಕಾದಾಗ ಜನ ಇವತ್ತಿಗೂ ಎತ್ತಿ ತೋರಿಸುವುದು ಆ ಪಂದ್ಯವನ್ನೇ. ಆಮೇಲೆ ಪರಿಸ್ಥಿತಿ ಸಾಕಷ್ಟು ಸುಧಾರಿಸಿದೆ.

30 ಮತ್ತು 24ರ ನಡುವೆ ಆರೇ ಸೆಕೆಂಡ್ ಅಲ್ಲವೇ ಅನ್ನಬೇಡಿ. ಕಾಲೇಜು ಕೋಚ್‌ಗಳಲ್ಲಿ ಬಹಳ ಮಂದಿ ಮೊದಲ 15–18 ಸೆಕೆಂಡ್ ತಮ್ಮ ‘ಸೆಟ್’, ಅಂದರೆ ಮೊದಲೇ ಕಲಿಸಿದ ಚಲನೆ, ಓಡಿಸುತ್ತಾರೆ. ಪಾಸ್, ಸ್ಕ್ರೀನ್ (ಜೊತೆಯಾಟಗಾರನ ಡಿಫೆಂಡರ್‌ಗೆ ಅಡ್ಡ ನಿಲ್ಲುವುದು), ಮತ್ತೆ ಪಾಸ್. ಅದರಿಂದ ಏನೂ ಹುಟ್ಟದಿದ್ದರೆ ಕೊನೆಯ ಹತ್ತು ಸೆಕೆಂಡ್‌ನಲ್ಲಿ ಚೆಂಡು ಹಿಡಿದವನಿಗಾಗಿ ಒಂದು ಬಾಲ್ ಸ್ಕ್ರೀನ್, ಅವಸರದ ಒಂದು ಶಾಟ್. ಚೆಂಡು ನಡೆಸುವ ಎನ್‌ಬಿಎ ಗಾರ್ಡ್ ಅದೇ ಬಾಲ್ ಸ್ಕ್ರೀನನ್ನು ಏಳೆಂಟನೇ ಸೆಕೆಂಡಿಗೇ ಕೇಳುತ್ತಾನೆ, ಕೆಲಸ ಮಾಡದಿದ್ದರೆ ಇನ್ನೊಂದಕ್ಕೆ ಸಮಯ ಉಳಿದಿರುತ್ತದೆ. ನಿಮಗೆ ಆಟ ನಿಧಾನ ಅನಿಸುವುದು ಈ ಕಾರಣಕ್ಕೆ.

ಸುಲಭದ ಶಾಟ್ ತಪ್ಪುತ್ತವೆ ಅಂದಿರಿ. ಅವುಗಳಲ್ಲಿ ಅನೇಕವು ನೋಡಲು ಮಾತ್ರ ಸುಲಭ. ಎನ್‌ಬಿಎಯಲ್ಲಿ ರಿಂಗ್‌ನ ಮುಂದಿನ ಆಯತಾಕಾರದ ಜಾಗ, ಅಂದರೆ ಪೇಂಟ್, 4.88 ಮೀಟರ್ ಅಗಲ. ಎದುರಿಗೆ ಯಾರನ್ನೂ ಗಾರ್ಡ್ ಮಾಡದ ಡಿಫೆಂಡರ್ ಅದರೊಳಗೆ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಪೇಂಟ್ 3.66 ಮೀಟರ್, ಡಿಫೆಂಡರ್‌ಗೆ ಆ ಮೂರು ಸೆಕೆಂಡ್ ನಿಯಮವೇ ಇಲ್ಲ. ಏಳಡಿಯ ಹುಡುಗನೊಬ್ಬ ಇಡೀ ಸಂಜೆ ರಿಂಗ್ ಕೆಳಗೇ ನಿಂತುಬಿಡಬಹುದು. ಮೂರು ಪಾಯಿಂಟ್ ಗೆರೆಯೂ ಹತ್ತಿರ: ಎನ್‌ಬಿಎಯಲ್ಲಿ ನೇರ ಎದುರಿನಿಂದ 7.24 ಮೀಟರ್, ಕಾಲೇಜಿನಲ್ಲಿ 2019ರಿಂದ 6.75. ಅರ್ಧ ಮೀಟರ್ ಹತ್ತಿರ ಎಂದರೆ ಶೂಟರ್‌ಗೆ ಅನುಕೂಲ ಎಂದುಕೊಳ್ಳುತ್ತೇವೆ, ಆದರೆ ಒಳಗೆ ನಿಂತ ಡಿಫೆಂಡರ್ ಶೂಟರ್‌ವರೆಗೆ ಓಡಬೇಕಾದ ದೂರವೂ ಅಷ್ಟು ಕಮ್ಮಿಯಾಗುತ್ತದೆ. ಅದೇ ಅಳತೆಯ ಅಂಕಣದಲ್ಲಿ ಹತ್ತು ಜನ ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ನಿಲ್ಲುತ್ತಾರೆ. ಲೇಅಪ್‌ಗೆ (ರಿಂಗ್ ಪಕ್ಕದಿಂದಲೇ ಹಾಕುವ ಶಾಟ್) ನುಗ್ಗಿದವನಿಗೆ ಒಂದರ ಬದಲು ಮೂರು ಜೋಡಿ ಕೈ ಎದುರಾಗುತ್ತವೆ. ನೀವು ಮೈಸೂರಿನಲ್ಲಿ ಆಡಿದ್ದವರಾದರೆ, ನಮ್ಮಲ್ಲಿ ಬಳಸುವ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಗೆರೆ ಕಾಲೇಜಿನ ಹಾಗೆ 6.75, ಪೇಂಟ್ ಎನ್‌ಬಿಎ ಹಾಗೆ 4.9, ಗಡಿಯಾರ 24. ನಿಮ್ಮ ಕಣ್ಣು ಪಳಗಿರುವುದು ಆ ಅಗಲದ ಆಟಕ್ಕೆ.

ಫೌಲ್ ವಿಷಯದಲ್ಲಿ ಕೋಚ್‌ಗಳ ಮೇಲೆ ನನಗೆ ಸಿಟ್ಟೇ ಇದೆ. ಎನ್‌ಬಿಎಯಲ್ಲಿ ಆರು ಫೌಲ್‌ಗೆ ಆಟಗಾರ ಹೊರಗೆ, ಕಾಲೇಜಿನಲ್ಲಿ ಐದಕ್ಕೆ. ಎಂಟು ನಿಮಿಷಕ್ಕೊಂದು ಎಂಬ ಲೆಕ್ಕದಲ್ಲಿ ಎರಡೂ ಒಂದೇ. ಆದರೂ ಮೊದಲಾರ್ಧದಲ್ಲಿ ಎರಡನೇ ಫೌಲ್ ಬಿದ್ದ ಕೂಡಲೇ ತಂಡದ ಒಳ್ಳೆಯ ಆಟಗಾರನನ್ನು ಹಾಫ್‌ಟೈಮ್‌ವರೆಗೆ ಬೆಂಚ್ ಮೇಲೆ ಕೂರಿಸುವುದು ಕಾಲೇಜು ಕೋಚ್‌ಗಳ ಹಳೆಯ ಚಾಳಿ. ಐದು ಫೌಲ್ ಆಗಿ ಹೊರಹೋದರೆ ಕೊನೆಯ ಕೆಲವು ನಿಮಿಷ ಸಿಗುವುದಿಲ್ಲ ಎಂಬ ಹೆದರಿಕೆಗೆ ಈಗಲೇ ಹತ್ತು ಹನ್ನೆರಡು ನಿಮಿಷ ಬಿಟ್ಟುಕೊಡುತ್ತಾರೆ. ನೀವು ಯಾರನ್ನು ನೋಡಲೆಂದು ಕೂತಿರೋ ಅವನು ಟವೆಲ್ ಹೊದ್ದು ಕೂತಿರುತ್ತಾನೆ.

ಕೊನೆಯ ಎರಡು ನಿಮಿಷ ಮುಗಿಯದಿರುವುದಕ್ಕೂ ಗಣಿತವಿದೆ. ಕಾಲೇಜು ಪುರುಷರ ಆಟದಲ್ಲಿ ಅರ್ಧವೊಂದರಲ್ಲಿ ಎದುರಾಳಿ ತಂಡದ ಏಳನೇ ಫೌಲ್‌ನಿಂದ ‘ಒನ್ ಆ್ಯಂಡ್ ಒನ್’ ಸಿಗುತ್ತದೆ: ಮೊದಲ ಫ್ರೀ ಥ್ರೋ ಬಿದ್ದರಷ್ಟೇ ಎರಡನೆಯದು. ಹತ್ತನೇ ಫೌಲ್‌ನಿಂದ ನೇರ ಎರಡು. 72 ಶೇಕಡಾ ಶೂಟರ್‌ನಿಂದ ಒನ್ ಆ್ಯಂಡ್ ಒನ್‌ಗೆ ಸರಾಸರಿ ಬರುವುದು 1.24 ಪಾಯಿಂಟ್, ನೇರ ಎರಡಕ್ಕೆ 1.44. ಎನ್‌ಬಿಎಯ 78 ಶೇಕಡಾ ಶೂಟರ್‌ನಿಂದ 1.56. ನಾಲ್ಕು ಪಾಯಿಂಟ್ ಹಿಂದಿರುವ ತಂಡದ ಕೋಚ್‌ನ ಜಾಗದಲ್ಲಿ ನಿಂತು ಯೋಚಿಸಿ. 40 ಸೆಕೆಂಡ್ ಉಳಿದಿದೆ, ಚೆಂಡು ಎದುರಾಳಿಯ ಕೈಲಿದೆ. ಸುಮ್ಮನಿದ್ದರೆ ಅವರು 30 ಸೆಕೆಂಡ್ ಸವೆಸಿ ನಿಮಗೆ ಹತ್ತು ಉಳಿಸುತ್ತಾರೆ. ಎನ್‌ಬಿಎ ಆಗಿದ್ದರೆ 16 ಉಳಿಯುತ್ತಿತ್ತು. ಅದರ ಬದಲು ಎರಡೇ ಸೆಕೆಂಡ್‌ನಲ್ಲಿ ಬೇಕೆಂದೇ ಫೌಲ್ ಮಾಡಿದರೆ ಗಡಿಯಾರ ನಿಲ್ಲುತ್ತದೆ, ಹೋಗುವುದು ಒಂದೂಕಾಲು ಪಾಯಿಂಟ್, ಚೆಂಡು ನಿಮಗೆ. ಯಾವ ಕೋಚ್ ತಾನೇ ಸುಮ್ಮನಿರುತ್ತಾನೆ? ಇದರ ಮೇಲೆ ಟೈಮ್‌ಔಟ್. ಟಿವಿ ಪಂದ್ಯವಾದರೆ ಪ್ರತಿ ಅರ್ಧದಲ್ಲಿ 16, 12, 8, 4 ನಿಮಿಷ ಉಳಿದ ಬಳಿಕ ಆಟ ಮೊದಲ ಸಲ ನಿಂತಾಗಲೆಲ್ಲ ಜಾಹೀರಾತು ವಿರಾಮ. ಅದೇ ಎಂಟಾಯಿತು. ತಂಡಗಳದ್ದು ತಲಾ ನಾಲ್ಕು ಬೇರೆ. ಬುದ್ಧಿವಂತ ಕೋಚ್ ತನ್ನದನ್ನು ಕೊನೆಗೇ ಉಳಿಸಿಕೊಳ್ಳುತ್ತಾನೆ. ಎನ್‌ಬಿಎ 2017ರಲ್ಲೇ ಈ ರೋಗ ಕಂಡು, ಕೊನೆಯ ಮೂರು ನಿಮಿಷದಲ್ಲಿ ತಂಡಕ್ಕೆ ಎರಡೇ ಟೈಮ್‌ಔಟ್ ಎಂದು ಕಟ್ಟುಹಾಕಿತು.

ಮಹಿಳಾ ಕಾಲೇಜು ಆಟ ಈ ವಿಷಯದಲ್ಲಿ ಜಾಣತನ ತೋರಿಸಿದೆ. 2015ರಿಂದಲೇ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒನ್ ಆ್ಯಂಡ್ ಒನ್ ಇಲ್ಲ, ಕ್ವಾರ್ಟರ್‌ನ ಐದನೇ ಫೌಲ್‌ಗೆ ನೇರ ಎರಡು ಶಾಟ್, ಕ್ವಾರ್ಟರ್ ಮುಗಿದರೆ ಎಣಿಕೆ ಮತ್ತೆ ಸೊನ್ನೆ. ಆಟ ಹರಿಯುತ್ತದೆ. 2024ರ ಫೈನಲ್‌ನಲ್ಲಿ ಸೌತ್ ಕೆರೊಲಿನಾ, ಕೇಟ್ಲಿನ್ ಕ್ಲಾರ್ಕ್ ಆಡುತ್ತಿದ್ದ ಅಯೋವಾವನ್ನು 87–75ರಿಂದ ಸೋಲಿಸಿದ ಪಂದ್ಯವನ್ನು ಸರಾಸರಿ 1.89 ಕೋಟಿ ಜನ ನೋಡಿದರು, ಅದೇ ವರ್ಷದ ಪುರುಷರ ಫೈನಲ್‌ಗೆ 1.48 ಕೋಟಿ. ಮಹಿಳೆಯರ ಫೈನಲ್ ಮುಂದೆ ಹೋದದ್ದು ಅದೇ ಮೊದಲು. ಕ್ಲಾರ್ಕ್‌ನ ಸೆಳೆತ ದೊಡ್ಡದು, ನಿಜ. ಆಟದ ಓಟವೂ ಕಾರಣ ಎಂಬುದು ನನ್ನ ಅಂದಾಜು.

ಇಷ್ಟು ಬೈದ ಮೇಲೆ ರೂಮ್‌ಮೇಟ್‌ಗಳ ಪರವಾಗಿ ಮಾತಾಡುತ್ತೇನೆ. ಎನ್‌ಬಿಎಯಲ್ಲಿ ಇವತ್ತು 30 ತಂಡಗಳೂ ಹೆಚ್ಚುಕಡಿಮೆ ಒಂದೇ ಆಟ ಆಡುತ್ತವೆ. 2024–25ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 37ಕ್ಕೂ ಹೆಚ್ಚು ಮೂರು ಪಾಯಿಂಟ್ ಶಾಟ್ ಹೊಡೆಯಿತು, ಬಾಸ್ಟನ್ 48. ನಾಲ್ವರು ಗೆರೆಯಾಚೆ ನಿಲ್ಲುವುದು, ಒಬ್ಬ ಸ್ಕ್ರೀನ್ ಹಾಕುವುದು, ದುರ್ಬಲ ಡಿಫೆಂಡರ್‌ನನ್ನು ಹುಡುಕಿ ಅವನೆದುರು ಶಾಟ್ ಹೊಡೆಯುವುದು. ಜೊತೆಗೆ 82 ಪಂದ್ಯಗಳ ಭಾರ. ನೀವು ಟಿಕೆಟ್ ಕೊಂಡ ದಿನವೇ ಸ್ಟಾರ್‌ಗೆ ‘ವಿಶ್ರಾಂತಿ’. ಅದನ್ನು ತಡೆಯಲೆಂದೇ 65 ಪಂದ್ಯ ಆಡದವರಿಗೆ ದೊಡ್ಡ ಪ್ರಶಸ್ತಿಗಳಿಲ್ಲ ಎಂಬ ನಿಯಮ 2023ರಲ್ಲಿ ಬಂತು.

ಕಾಲೇಜಿನಲ್ಲಿ ಇಕ್ಕಟ್ಟಾದ ಪೇಂಟ್, ಉದ್ದದ ಗಡಿಯಾರ, ಅಸಮ ಆಟಗಾರರು ಇರುವುದರಿಂದಲೇ ಹತ್ತು ಬಗೆಯ ಆಟ ಬದುಕಿದೆ. ಕೋಚ್ ಟೋನಿ ಬೆನೆಟ್ ಕಾಲದ ವರ್ಜೀನಿಯಾ, ಎಲ್ಲರೂ ಪೇಂಟ್‌ನ ಸುತ್ತ ಕೋಟೆ ಕಟ್ಟಿ ಎದುರಾಳಿಯ ಉಸಿರು ಹಿಡಿಯುತ್ತಿತ್ತು. ಜಿಮ್ ಬೋಹೈಮ್ ಸಿರಾಕ್ಯೂಸ್‌ನಲ್ಲಿ 2–3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾಯುವ ಡಿಫೆನ್ಸ್) ಬಿಟ್ಟು ಬೇರೆ ಆಡಿದ್ದೇ ಅಪರೂಪ. ಶಾಕಾ ಸ್ಮಾರ್ಟ್‌ನ ವಿಸಿಯು ತಂಡ ಇಡೀ ಅಂಕಣದ ಉದ್ದಕ್ಕೂ ಪ್ರೆಸ್ ಮಾಡಿ, ಅಂದರೆ ಎದುರಾಳಿಯನ್ನು ಬೆನ್ನಟ್ಟಿ ಒತ್ತಡ ಹಾಕಿ, 2011ರಲ್ಲಿ ಕೊನೆಯ ನಾಲ್ಕರ ಘಟ್ಟಕ್ಕೆ ಬಂತು. ಕೆಲ್ವಿನ್ ಸ್ಯಾಂಪ್ಸನ್‌ರ ಹ್ಯೂಸ್ಟನ್ ತಾನು ತಪ್ಪಿಸಿದ ಶಾಟನ್ನು ತಾನೇ ಕಿತ್ತುಕೊಳ್ಳುವುದರಲ್ಲಿ ಬದುಕುತ್ತದೆ. 2023, 2024 ಎರಡೂ ವರ್ಷ ಗೆದ್ದ ಕನೆಕ್ಟಿಕಟ್‌ನ ಆಟ ನೋಡುವಾಗ ಚೆಂಡನ್ನು ಬಿಟ್ಟು, ಚೆಂಡಿಲ್ಲದ ನಾಲ್ವರನ್ನು ನೋಡಬೇಕು. ನಿಮ್ಮೂರಿನ ವಿಶ್ವವಿದ್ಯಾಲಯ ಎನ್‌ಸಿ ಸ್ಟೇಟ್‌ನಲ್ಲಿ ಆಡಿದ ಡಿಜೆ ಬರ್ನ್ಸ್‌ನನ್ನು ತೆಗೆದುಕೊಳ್ಳಿ. ಸುಮಾರು 125 ಕಿಲೋ ದೇಹ, ಎಡಗೈ, ರಿಂಗ್‌ಗೆ ಬೆನ್ನು ಹಾಕಿ ಎದುರಾಳಿಯನ್ನು ಮೆಲ್ಲಗೆ ತಳ್ಳುತ್ತ ಹೋಗಿ, ತಿರುಗಿ, ಮೆತ್ತಗೆ ಒಂದು ಶಾಟ್. ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ, ಎನ್‌ಬಿಎ ವೇಗಕ್ಕೆ ಆ ಆಟ ನಿಲ್ಲುವುದಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಅವನಷ್ಟು ನೋಡಲು ಖುಷಿ ಕೊಟ್ಟ ಆಟಗಾರ ಎರಡೂ ಕಡೆ ಸಿಗುವುದು ಕಷ್ಟವಿತ್ತು.

ಆ ವರ್ಷ ಎನ್‌ಸಿ ಸ್ಟೇಟ್ ಸತತ ನಾಲ್ಕು ಪಂದ್ಯ ಸೋತು ಲೀಗ್ ಮುಗಿಸಿತ್ತು. ತಮ್ಮ ಲೀಗ್ ಆದ ಎಸಿಸಿಯ ಟೂರ್ನಿ ಗೆಲ್ಲದಿದ್ದರೆ ಸೀಸನ್ ಅಲ್ಲಿಗೇ ಮುಕ್ತಾಯ. ಐದು ದಿನದಲ್ಲಿ ಐದು ಪಂದ್ಯ ಗೆದ್ದರು, ದಾರಿಯಲ್ಲಿ ಡ್ಯೂಕ್, ಫೈನಲ್‌ನಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ. ವರ್ಜೀನಿಯಾ ಎದುರಿನ ಸೆಮಿಫೈನಲ್‌ನಲ್ಲಂತೂ ಗಡಿಯಾರ ಸೊನ್ನೆಯಾಗುವಾಗ ಬೋರ್ಡ್‌ಗೆ ಬಡಿದು ಒಳಬಿದ್ದ ಮೂರು ಪಾಯಿಂಟ್‌ನಿಂದ ಉಳಿದುಕೊಂಡರು. ಆಮೇಲೆ, ನಾಲ್ಕು ವಿಭಾಗಗಳಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುವ ರಾಷ್ಟ್ರೀಯ ಟೂರ್ನಿಯಲ್ಲಿ, 11ನೇ ಶ್ರೇಯಾಂಕದಿಂದ ಕೊನೆಯ ನಾಲ್ಕರವರೆಗೆ ಹೋದರು.

ಇಂಥದ್ದು ಎನ್‌ಬಿಎಯಲ್ಲಿ ಆಗುವುದಿಲ್ಲ, ಕಾರಣ ಸರಳ ಸಂಭವನೀಯತೆ. ಒಂದು ಪಂದ್ಯದಲ್ಲಿ ಬಲಿಷ್ಠ ತಂಡ ಗೆಲ್ಲುವ ಸಾಧ್ಯತೆ 70 ಶೇಕಡಾ ಎಂದಿಟ್ಟುಕೊಳ್ಳಿ. ಒಂದೇ ಪಂದ್ಯವಾದರೆ ದುರ್ಬಲ ತಂಡಕ್ಕೆ 30 ಶೇಕಡಾ ಅವಕಾಶ, ಏಳು ಪಂದ್ಯದ ಸರಣಿಯಾದರೆ 13ಕ್ಕೂ ಕಡಿಮೆ. ಕಾಲೇಜಿನ 68 ತಂಡಗಳ ಟೂರ್ನಿಯಲ್ಲಿ ಸೋತವರು ಆ ಕ್ಷಣವೇ ಮನೆಗೆ. ಪ್ರಮುಖ ತಂಡವೊಂದು ಆರು ಪಂದ್ಯ ಸತತ ಗೆಲ್ಲಬೇಕು. ಪ್ರತಿಯೊಂದರಲ್ಲೂ 80 ಶೇಕಡಾ ಸಾಧ್ಯತೆ ಇದ್ದರೂ ಆರನ್ನೂ ಗೆಲ್ಲುವ ಸಾಧ್ಯತೆ 26 ಶೇಕಡಾ ಮಾತ್ರ. 2018ರವರೆಗೆ ಒಂದನೇ ಶ್ರೇಯಾಂಕದವರು ಹದಿನಾರನೆಯವರ ವಿರುದ್ಧ 135 ಪಂದ್ಯಗಳಲ್ಲಿ 135 ಗೆದ್ದಿದ್ದರು. ಆ ವರ್ಷ ಷಾರ್ಲೆಟ್‌ನಲ್ಲಿ ಯುಎಂಬಿಸಿ ಎಂಬ ತಂಡ ವರ್ಜೀನಿಯಾವನ್ನು 74–54ರಿಂದ ಹೊಡೆದುಹಾಕಿತು. ಬರೀ ಗೆದ್ದದ್ದಲ್ಲ, 20 ಪಾಯಿಂಟ್‌ನಿಂದ ಗೆದ್ದದ್ದು! ವರ್ಜೀನಿಯಾ ಮರುವರ್ಷವೇ ಚಾಂಪಿಯನ್ ಆಯಿತು ಅನ್ನುವುದೂ ಸೇರಬೇಕು.

ಈ ಅನಿಶ್ಚಿತತೆಯೂ ಈಗ ಸ್ವಲ್ಪ ಅಲುಗಾಡುತ್ತಿದೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ಕಾಲೇಜು ಬದಲಾಯಿಸಿದರೂ ಒಂದು ವರ್ಷ ಕೂರಬೇಕಿಲ್ಲ. ಸಣ್ಣ ಕಾಲೇಜಿನಲ್ಲಿ ಮಿಂಚಿದವನನ್ನು ಮರುವರ್ಷ ದೊಡ್ಡದು ಎತ್ತಿಕೊಂಡು ಹೋಗುತ್ತದೆ. 2025ರಲ್ಲಿ ಚಾಂಪಿಯನ್ ಆದ ಫ್ಲೋರಿಡಾದ ಹೀರೋ ವಾಲ್ಟರ್ ಕ್ಲೇಟನ್ ಅಯೋನಾ ಎಂಬ ಸಣ್ಣ ಕಾಲೇಜಿನಿಂದ ಬಂದವನು. ಆ ವರ್ಷ ಕೊನೆಯ ನಾಲ್ಕರಲ್ಲಿದ್ದದ್ದೂ ನಾಲ್ಕೂ ವಿಭಾಗಗಳ ಒಂದನೇ ಶ್ರೇಯಾಂಕದ ತಂಡಗಳೇ. ಸಣ್ಣವರ ಪವಾಡ ಕಡಿಮೆಯಾಗಿ, ದೊಡ್ಡ ತಂಡಗಳ ಆಟದ ಮಟ್ಟ ಏರುತ್ತಿದೆ. ಫ್ಲೋರಿಡಾ–ಹ್ಯೂಸ್ಟನ್ ಫೈನಲ್ 65–63. ಅದನ್ನು ಸಪ್ಪೆ ಅನ್ನಲು ಮನಸ್ಸು ಬಾರದು.

ಇನ್ನು ಹೇಗೆ ನೋಡಬೇಕು ಎಂಬುದು. ಒಟ್ಟು ಪಾಯಿಂಟ್ ನೋಡುವುದನ್ನು ಬಿಟ್ಟು ಪೊಸೆಷನ್‌ಗೆ ಎಷ್ಟು ಎಂದು ನೋಡಿ. ಸ್ಕೋರ್‌ಕಾರ್ಡ್‌ನಿಂದ ನೀವೇ ತೆಗೆಯಬಹುದು: ತಂಡ ಹೊಡೆದ ಶಾಟ್‌ಗಳಿಂದ ಅದರ ಆಫೆನ್ಸಿವ್ ರಿಬೌಂಡ್ (ತನ್ನದೇ ತಪ್ಪಿದ ಶಾಟ್‌ನ ಚೆಂಡು ಮತ್ತೆ ಹಿಡಿದದ್ದು) ಕಳೆಯಿರಿ, ಟರ್ನೋವರ್ (ಶಾಟ್ ಹೊಡೆಯದೆ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋಗಳನ್ನು 0.475ರಿಂದ ಗುಣಿಸಿ ಸೇರಿಸಿ. 58 ಶಾಟ್, 10 ರಿಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 69.5 ಪೊಸೆಷನ್. 73 ಗಳಿಸಿದ್ದರೆ ಪೊಸೆಷನ್‌ಗೆ 1.05, ಕಾಲೇಜು ಮಟ್ಟಕ್ಕೆ ಸಾಧಾರಣ. 1.2 ದಾಟಿದ್ದರೆ ಸ್ಕೋರ್ 70 ಇದ್ದರೂ ನೀವು ನೋಡಿದ್ದು ಅದ್ಭುತ ಆಟ. ಪಂದ್ಯ ಆರಿಸುವಾಗ ಎರಡೂ ತಂಡದ ವೇಗ ನೋಡಿ: 65ಕ್ಕಿಂತ ಕಡಿಮೆ ಪೊಸೆಷನ್‌ನ ಎರಡು ತಂಡಗಳು ಎದುರಾದರೆ ಶುರುವಿನಲ್ಲಿ ಅಲ್ಲಿ ಕೂರಬೇಡಿ. ಒಂದು ಪ್ರೆಸ್ ಮಾಡುವ ತಂಡ, ಇನ್ನೊಂದು ನಿಧಾನದ ತಂಡ ಇದ್ದರೆ ತಪ್ಪಿಸಬೇಡಿ; ಮೊದಲ ಹತ್ತು ನಿಮಿಷ ಯಾರ ವೇಗಕ್ಕೆ ಯಾರು ಬೀಳುತ್ತಾರೆ ಎಂಬುದೇ ಆ ಪಂದ್ಯದ ಕಥೆ.

ರಾಲಿಯಲ್ಲಿದ್ದುಕೊಂಡು ಟಿವಿಯಲ್ಲೇ ನೋಡುವುದು ಅನ್ಯಾಯ. ಹತ್ತಿರದ ಎನ್‌ಬಿಎ ತಂಡ ಷಾರ್ಲೆಟ್‌ನದು, ಎರಡೂವರೆ ಗಂಟೆ ಡ್ರೈವ್. ಡ್ಯೂಕ್, ಚಾಪೆಲ್ ಹಿಲ್, ಎನ್‌ಸಿ ಸ್ಟೇಟ್ ಮೂರೂ ಅರ್ಧ ಮುಕ್ಕಾಲು ಗಂಟೆಯೊಳಗೆ. ಡ್ಯೂಕ್‌ನ ಕ್ಯಾಮರೂನ್ ಸ್ಟೇಡಿಯಂನಲ್ಲಿ 9,314 ಆಸನ, ವಿದ್ಯಾರ್ಥಿಗಳು ಅಂಕಣದ ಅಂಚಿಗೇ ನಿಂತಿರುತ್ತಾರೆ. ಆದರೆ ಅಲ್ಲಿ ಚಾಪೆಲ್ ಹಿಲ್ ಎದುರಿನ ಪಂದ್ಯಕ್ಕೆ ಅವರ ವಿದ್ಯಾರ್ಥಿಗಳೇ ವಾರಗಟ್ಟಲೆ ಟೆಂಟ್ ಹಾಕಿ ಕಾಯುತ್ತಾರೆ, ನಿಮಗೆ ಟಿಕೆಟ್ ಕನಸು. ಎನ್‌ಸಿ ಸ್ಟೇಟ್ ಕ್ಯಾಂಪಸ್ಸಿನೊಳಗಿನ ರೆನಾಲ್ಡ್ಸ್ ಕೊಲಿಸಿಯಂನಲ್ಲಿ ಅವರ ಮಹಿಳಾ ತಂಡದ ಪಂದ್ಯದಿಂದ ಶುರುಮಾಡಿ. 2024ರಲ್ಲಿ ಅವರೂ ಕೊನೆಯ ನಾಲ್ಕಕ್ಕೆ ಹೋಗಿದ್ದರು.

ಊರಿನ ಗೆಳೆಯರನ್ನು ಜೊತೆಗೆ ಸೇರಿಸಿಕೊಳ್ಳುವುದಾದರೆ ಮಾರ್ಚ್‌ನ ಮೊದಲ ಸುತ್ತಿನ ಗುರುವಾರ, ಶುಕ್ರವಾರ ಒಳ್ಳೆಯದು. ದಿನಕ್ಕೆ 16 ಪಂದ್ಯ, ನಿಮ್ಮಲ್ಲಿ ಮಧ್ಯಾಹ್ನ ಹನ್ನೆರಡೂಕಾಲಿಗೆ ಶುರುವಾದರೆ ಮೈಸೂರಿನಲ್ಲಿ ರಾತ್ರಿ 9.45. ಅಷ್ಟು ಪಂದ್ಯಗಳಲ್ಲಿ ಯಾವುದಕ್ಕೆ ಅಂಟಿಕೊಳ್ಳಬೇಕು ಎಂಬುದಕ್ಕೆ ದ್ವಿತೀಯಾರ್ಧದಲ್ಲಿ ನಾಲ್ಕು ನಿಮಿಷ ಉಳಿದಾಗಿನ ವಿರಾಮದಲ್ಲಿ ತಂಡ ಫೌಲ್‌ಗಳ ಎಣಿಕೆ ನೋಡಿ. ಅಂತರ ಆರು ಪಾಯಿಂಟ್‌ನೊಳಗಿದ್ದು ಇಬ್ಬರದ್ದೂ ಐದಾರು ಫೌಲ್ ಮಾತ್ರ ಆಗಿದ್ದರೆ ಅಲ್ಲೇ ಕೂತುಬಿಡಿ, ಆಟ ಓಡುತ್ತದೆ. ಹಿಂದಿರುವ ತಂಡದ್ದು ಹತ್ತು ದಾಟಿ ಅಂತರ ಎಂಟಕ್ಕಿಂತ ಹೆಚ್ಚಿದ್ದರೆ ಇನ್ನು ಇಪ್ಪತ್ತು ನಿಮಿಷ ಫ್ರೀ ಥ್ರೋ ಮೆರವಣಿಗೆ. ರಿಮೋಟ್ ಕೈಗೆ ತೆಗೆದುಕೊಂಡು ಪಕ್ಕದ ಚಾನೆಲ್‌ಗೆ ಹೋಗಿ, ಅಲ್ಲೂ ಒಂದು ಪಂದ್ಯ ನಡೆಯುತ್ತಿರುತ್ತದೆ.